ಪಕ್ಕದಲ್ಲಿ ನಿಂತವರ ಹೆಸರು



ಮೂವತ್ತು ವರ್ಷ ಇತಿಹಾಸದ ಪಾಠ ಹೇಳಿದೆ. ರಾಜರ ವಂಶಾವಳಿಗಳನ್ನು ಬಾಯಿಪಾಠ ಮಾಡಿಸಿದೆ. ಆದರೆ ಒಬ್ಬ ಸಾಮಾನ್ಯ ರೈತನ ವಂಶ ಹುಡುಕುವುದು ಎಂಥ ಕೆಲಸ ಎಂಬುದು ನನಗೆ ತಿಳಿದದ್ದು ನಿವೃತ್ತಿಯ ನಂತರ. ಮಗಳ ಮನೆಯಲ್ಲಿ ಆರು ತಿಂಗಳು ಇರಲೆಂದು ಪೆನ್ಸಿಲ್ವೇನಿಯಾದ ಬರ್ಕ್ಸ್ ಕೌಂಟಿಗೆ ಹೋಗಿದ್ದೆ. ಎಂಬತ್ತು ದಾಟಿದ ಪಕ್ಕದ ಮನೆಯ ಅಜ್ಜಿ ಒಂದು ಸಂಜೆ ಕಟ್ಟು ಹಾಕಿಸಿದ ಹಳೆಯ ಕಾಗದವೊಂದನ್ನು ತಂದು ನಮ್ಮ ಊಟದ ಮೇಜಿನ ಮೇಲಿಟ್ಟರು. ಹೂಬಳ್ಳಿ, ಹಕ್ಕಿ, ಹೃದಯದ ಚಿತ್ರಗಳ ನಡುವೆ ಮುರಿದು ಮುರಿದು ಬರೆದಂಥ ಜರ್ಮನ್ ಅಕ್ಷರ. ಅದಕ್ಕೆ ಅವರು ‘ಟೌಫ್‌ಶೈನ್’ ಅನ್ನುತ್ತಾರೆ. ಮಗುವಿನ ದೀಕ್ಷಾಸ್ನಾನದ ನೆನಪಿಗೆ ಬರೆಸಿಟ್ಟುಕೊಳ್ಳುವ ಪತ್ರ. ಮಗುವಿನ ಹೆಸರು, ತಂದೆತಾಯಿಯ ಹೆಸರು, ಹುಟ್ಟಿದ ದಿನ, ಪಾದ್ರಿಯ ಹೆಸರು ಎಲ್ಲ ಇತ್ತು. “ಈ ಮಗುವಿನ ತಂದೆ ಜರ್ಮನಿಯಿಂದ ಬಂದವನು. ಯಾವ ಊರು ಅಂತ ತಿಳಿದರೆ ಸಾಕು ನನಗೆ” ಎಂದರು ಅಜ್ಜಿ.

ಹೆಳವರು ಎತ್ತಿನ ಮೇಲೆ ಬಂದು ಮನೆಬಾಗಿಲಲ್ಲಿ ನಮ್ಮ ತಾತ ಮುತ್ತಾತಂದಿರ ಹೆಸರನ್ನು ಒಪ್ಪಿಸುತ್ತಿದ್ದುದನ್ನು ಕೇಳುತ್ತ ಬೆಳೆದವನು ನಾನು. ಆ ಅಜ್ಜಿಗೆ ಹೆಳವರಿರಲಿಲ್ಲ, ಕಾಗದವಷ್ಟೇ ಇತ್ತು. ಆರು ತಿಂಗಳು ನಾನು ಅವರ ಜೊತೆ ಕಾಗದ ಓದಿದೆ. ಆ ಓದಿನಿಂದ ಕಲಿತ ಒಂದು ಮಾತನ್ನು ನಿಮ್ಮ ಮುಂದಿಡಲು ಬಂದಿದ್ದೇನೆ. ಒಬ್ಬ ವಲಸಿಗನನ್ನು ಅವನ ಹೆಸರು ಹಿಡಿದು ಹುಡುಕಿದರೆ ಸಿಕ್ಕುವುದಿಲ್ಲ. ಅವನ ಪಕ್ಕದಲ್ಲಿ ನಿಂತವರ ಹೆಸರು ಹಿಡಿದು ಹುಡುಕಬೇಕು.

ಅಜ್ಜಿಯ ಮನೆತನದ ವಿಷಯ ಅವರದೇ, ಅದನ್ನು ಇಲ್ಲಿ ಬಿಚ್ಚುವುದಿಲ್ಲ. ಬದಲಿಗೆ ಅದೇ ಕೌಂಟಿಯ ವೊಮೆಲ್ಸ್‌ಡಾರ್ಫ್‌ನಲ್ಲಿ ಮನೆ ಕಟ್ಟಿ, 1760ರಲ್ಲಿ ತೀರಿಕೊಂಡ ಕಾನ್ರಾಡ್ ವೈಸರ್‌ನ ಕುಟುಂಬವನ್ನು ತೆಗೆದುಕೊಳ್ಳುತ್ತೇನೆ. ಮೋಹಾಕ್ ಜನರ ನುಡಿ ಕಲಿತು, ಪೆನ್ಸಿಲ್ವೇನಿಯಾ ಸರ್ಕಾರಕ್ಕೂ ಇರೋಕ್ವಾ ಒಕ್ಕೂಟಕ್ಕೂ ನಡುವೆ ದುಭಾಷಿಯಾಗಿದ್ದವನು ಅವನು. ನನಗೆ ಬೇಕಾದದ್ದು ಆ ದೊಡ್ಡಸ್ತಿಕೆಯಲ್ಲ. ತನ್ನ ಮನೆಯ ಹುಟ್ಟುಸಾವುಗಳನ್ನು ಅವನು ತನ್ನ ಕೈಯಿಂದಲೇ ಬರೆದಿಟ್ಟ. ಲಕ್ಷ ಜನರಲ್ಲಿ ಒಬ್ಬ ಮಾಡುವ ಕೆಲಸ ಅದು.

ವೈಸರ್ ಹುಟ್ಟಿದ್ದು 1696ರ ನವೆಂಬರ್ 2ರಂದು, ವ್ಯೂರ್ಟೆಂಬೆರ್ಗ್ ಸೀಮೆಯ ಹೆರೆನ್‌ಬೆರ್ಗ್ ಬಳಿಯ ಅಫ್‌ಸ್ಟೆಟ್ ಎಂಬ ಹಳ್ಳಿಯಲ್ಲಿ. ತಂದೆಯ ಹೆಸರೂ ಕಾನ್ರಾಡ್ ವೈಸರ್; ಕುದುರೆ ದಳದಲ್ಲಿ ಕಾರ್ಪೊರಲ್ ಆಗಿದ್ದವನು. ಮನೆತನದ ಬೇರು ಇದ್ದದ್ದು ಗ್ರೋಸ್‌ಆಸ್ಪಾಖ್ ಎಂಬ ಬೇರೆ ಊರಿನಲ್ಲಿ. ತಾಯಿ ಆನ್ನಾ ಮಗ್ದಲೇನಾ 1709ರ ಮೇ 1ರಂದು ತೀರಿಕೊಂಡಳು. ಎರಡು ತಿಂಗಳೂ ಕಳೆದಿರಲಿಲ್ಲ, ಜೂನ್ 24ರಂದು ತಂದೆ ಎಂಟು ಮಕ್ಕಳನ್ನು ಕಟ್ಟಿಕೊಂಡು ಊರು ಬಿಟ್ಟ. ಹಿರಿಯ ಮಗಳು ಕತರೀನಾಗೆ ಆಗಲೇ ಮದುವೆಯಾಗಿ ಇಬ್ಬರು ಮಕ್ಕಳಿದ್ದರು. ಅವಳು ಗಂಡನ ಜೊತೆ ಉಳಿದಳು. ಮನೆ, ಹೊಲ, ಹುಲ್ಲುಗಾವಲು, ದ್ರಾಕ್ಷಿತೋಟ ಅವರ ವಶಕ್ಕೆ ಹೋಯಿತು. ಅವರ ಕೈಯಿಂದ ಹುಟ್ಟಿದ್ದು 75 ಗಿಲ್ಡರ್ ಮಾತ್ರ. ಉಳಿದ 600 ಗಿಲ್ಡರ್ ಕೊನೆಗೂ ಬರಲಿಲ್ಲ ಎಂದು ಮಗ ಬರೆದಿದ್ದಾನೆ. ಹನ್ನೆರಡು ವರ್ಷದ ಹುಡುಗನ ಮನಸ್ಸಿನಲ್ಲಿ ಆ ಲೆಕ್ಕ ಉಳಿದುಕೊಂಡಿತ್ತು ನೋಡಿ.

ಯಾಕೆ ಹೊರಟರು? 1689ರಲ್ಲಿ ಫ್ರಾನ್ಸಿನ ಸೇನೆ ಹೈಡೆಲ್‌ಬೆರ್ಗ್, ಮಾನ್‌ಹೈಮ್, ಸ್ಪೈಯರ್, ವೋರ್ಮ್ಸ್ ನಗರಗಳಿಗೆ ಬೆಂಕಿಯಿಟ್ಟಿತ್ತು. ಹೊಸ ಶತಮಾನ ಇನ್ನೊಂದು ಯುದ್ಧದೊಂದಿಗೇ ಬಂತು. 1709ರ ಜನವರಿಯಲ್ಲಿ ಯಾರೂ ಕಂಡಿರದಂಥ ಚಳಿ ಬಿದ್ದು ದ್ರಾಕ್ಷಿಬಳ್ಳಿಗಳು ಬೇರುಸಹಿತ ಸತ್ತವು. ಇದರ ನಡುವೆ ಕೋಖೆರ್ಟಾಲ್ ಎಂಬ ಪಾದ್ರಿ ಬರೆದ ಪುಟ್ಟ ಪುಸ್ತಕ ಹಳ್ಳಿಹಳ್ಳಿಗೆ ಹರಿದಾಡಿತು. ಅದರಲ್ಲಿ ಇಂಗ್ಲೆಂಡಿನ ರಾಣಿ ಆನ್‌ಳ ಚಿತ್ರವಿತ್ತು, ಹೆಸರು ಬಂಗಾರದ ಬಣ್ಣದ ಅಕ್ಷರದಲ್ಲಿತ್ತು; ಜನ ಅದನ್ನು ಬಂಗಾರದ ಪುಸ್ತಕ ಎಂದೇ ಕರೆದರು. ಆ ವರ್ಷ ಸುಮಾರು 13,000 ಜನ ರೈನ್ ನದಿ ಇಳಿದು, ರಾಟರ್‌ಡ್ಯಾಮ್ ದಾಟಿ ಲಂಡನ್ ಸೇರಿದರು. ಬ್ಲ್ಯಾಕ್‌ಹೀತ್ ಮೈದಾನದಲ್ಲಿ ಡೇರೆ ಹೊಡೆದು ಕೂತರು. ಇಂಗ್ಲಿಷರು ಅವರೆಲ್ಲರನ್ನೂ ‘ಪ್ಯಾಲಟೈನ್’ ಎಂದರು, ಅಂದರೆ ಫಾಲ್ಟ್ಸ್ ಸೀಮೆಯವರು. ವ್ಯೂರ್ಟೆಂಬೆರ್ಗಿನ ವೈಸರ್ ಕೂಡ ಪ್ಯಾಲಟೈನ್ ಆದ. ಸರ್ಕಾರದ ಕಾಗದದಲ್ಲಿ ‘ಪ್ಯಾಲಟೈನ್’ ಎಂದು ಕಂಡೊಡನೆ ಫಾಲ್ಟ್ಸಿನ ಚರ್ಚುಗಳಲ್ಲಿ ಮೂಲ ಹುಡುಕಲು ಹೋಗಿ ದಾರಿ ತಪ್ಪಿದವರಿಗೆ ಲೆಕ್ಕವಿಲ್ಲ.

ಲಂಡನ್ನಿನಲ್ಲಿ ಟ್ರಿಬೆಕೊ, ರುಪೆರ್ಟಿ ಎಂಬ ಇಬ್ಬರು ಜರ್ಮನ್ ಪಾದ್ರಿಗಳು ಬಂದವರ ಪಟ್ಟಿ ಬರೆದರು: ಯಜಮಾನನ ಹೆಸರು, ವಯಸ್ಸು, ಕಸುಬು, ಪಂಥ, ಗಂಡುಮಕ್ಕಳ ಮತ್ತು ಹೆಣ್ಣುಮಕ್ಕಳ ವಯಸ್ಸು. ಹುಡುಕುವವರಿಗೆ ಅದು ಬಂಗಾರ. ಆದರೆ ಆ ಪಟ್ಟಿಗಳು ಜೂನ್ ನಡುವಿಗೇ ನಿಂತುಹೋದವು. ವೈಸರ್ ಕುಟುಂಬ ಊರು ಬಿಟ್ಟದ್ದೇ ಜೂನ್ ಕೊನೆಯಲ್ಲಿ. ಇಲ್ಲೊಂದು ಮಾತನ್ನು ವಿದ್ಯಾರ್ಥಿಗಳಿಗೆ ಒತ್ತಿ ಹೇಳುತ್ತೇನೆ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮನುಷ್ಯ ಅಲ್ಲಿರಲಿಲ್ಲ ಎಂದು ತೀರ್ಮಾನಿಸುವ ಮುಂಚೆ, ಪಟ್ಟಿ ಬರೆದ ಕೈ ಯಾವ ದಿನ ನಿಂತಿತು ಎಂದು ಕೇಳಬೇಕು.

ಅಲ್ಲಿಂದ ಹತ್ತು ಹಡಗುಗಳಲ್ಲಿ ಜನರನ್ನು ನ್ಯೂಯಾರ್ಕಿಗೆ ಕಳಿಸಿದರು. ವೈಸರ್ ತನ್ನ ಬರಹದಲ್ಲಿ ಸುಮಾರು ನಾಲ್ಕು ಸಾವಿರ ಜನ ಅನ್ನುತ್ತಾನೆ; ಇತಿಹಾಸಕಾರರ ಲೆಕ್ಕ ಮೂರು ಸಾವಿರದ ಆಸುಪಾಸಿಗೆ ನಿಲ್ಲುತ್ತದೆ. ಕ್ರಿಸ್‌ಮಸ್ ಹೊತ್ತಿಗೆ ಹಡಗು ಹತ್ತಿದವರು ನ್ಯೂಯಾರ್ಕ್ ಕಂಡದ್ದು 1710ರ ಜೂನ್ 13ಕ್ಕೆ. ಹಡಗಿನಲ್ಲಿ ಜ್ವರ ಹತ್ತಿ ನೂರಾರು ಜನ ಸತ್ತಿದ್ದರು. ಉಳಿದವರನ್ನು ಗವರ್ನರ್ ರಾಬರ್ಟ್ ಹಂಟರ್ ಹಡ್ಸನ್ ನದಿಯ ದಂಡೆಗೆ ಕಳಿಸಿದ. ಪೈನ್ ಮರಗಳಿಂದ ಇಂಗ್ಲೆಂಡಿನ ನೌಕಾಪಡೆಗೆ ಟಾರು ತೆಗೆದುಕೊಡಬೇಕು, ಅದರಿಂದ ಪ್ರಯಾಣದ ಸಾಲ ತೀರಬೇಕು ಎಂಬ ಏರ್ಪಾಡು. ಟಾರು ಹುಟ್ಟಲಿಲ್ಲ. 1712ರ ಸೆಪ್ಟೆಂಬರಿನಲ್ಲಿ ಪಡಿ ನಿಂತಿತು, ಜನ ಚದುರಿದರು.

ಆ ಎರಡು ವರ್ಷ ಸರ್ಕಾರ ಕೊಟ್ಟ ಪಡಿಯ ಲೆಕ್ಕ ಉಳಿದಿದೆ. ಮನೆಯ ಯಜಮಾನನ ಹೆಸರು. ಹತ್ತು ವರ್ಷದ ಮೇಲಿನವರು ಎಷ್ಟು, ಕೆಳಗಿನವರು ಎಷ್ಟು. ಅಷ್ಟೇ. ಹೆಂಡತಿಗೆ ಹೆಸರಿಲ್ಲ, ಮಗುವಿಗೆ ಹೆಸರಿಲ್ಲ. ಆದರೂ ಒಂದು ಅವಧಿಯಿಂದ ಇನ್ನೊಂದಕ್ಕೆ ಆ ಸಂಖ್ಯೆಗಳನ್ನು ಹೊಂದಿಸಿ ನೋಡುತ್ತ ಹೋದರೆ ಮನೆ ಉಸಿರಾಡುವುದು ಕಾಣುತ್ತದೆ. ಮೂರು ಇದ್ದದ್ದು ಎರಡಾಯಿತು, ಒಂದು ಸಾವು. ಇದ್ದಕ್ಕಿದ್ದಂತೆ ಐದಾಯಿತು, ವಿಧವೆಯೊಬ್ಬಳು ತನ್ನ ಮಕ್ಕಳೊಂದಿಗೆ ಮರುಮದುವೆಯಾಗಿ ಬಂದಿರಬೇಕು. ಅದೇ ಹೊತ್ತಿಗೆ ಪಟ್ಟಿಯ ಇನ್ನೊಂದು ಕಡೆ ಯಾವ ವಿಧವೆಯ ಹೆಸರು ಮಾಯವಾಯಿತು ಎಂದು ನೋಡಬೇಕು. ಹಂಟರನ ಗುಮಾಸ್ತ ಅಕ್ಕಿಬೇಳೆ ಅಳೆದಂತೆ ಅಳೆದು ಬರೆದ ಲೆಕ್ಕದಿಂದ ಒಂದು ಮದುವೆ ಹೊರಬೀಳುತ್ತದೆ.

ವಿಧವೆಯರ ಹೆಸರು ಹುಡುಕುವಾಗ ಜರ್ಮನ್ ನುಡಿಯ ಒಂದು ರೂಢಿ ಗೊತ್ತಿರಬೇಕು. ನಮ್ಮಲ್ಲಿ ಗೌಡ ಗೌಡತಿ, ಒಡೆಯ ಒಡತಿ ಇದ್ದಂತೆ ಅಲ್ಲಿ ಮನೆತನದ ಹೆಸರಿಗೂ ಹೆಣ್ಣಿನ ರೂಪವಿತ್ತು. ಮ್ಯುಲ್ಲರನ ಹೆಂಡತಿ ‘ಮ್ಯುಲ್ಲರಿನ್’. ಈ ರೂಢಿ ತಿಳಿಯದೆ ಇವೆರಡನ್ನೂ ಬೇರೆ ಬೇರೆ ಮನೆತನಗಳೆಂದು ಎಣಿಸಿಬಿಡುವುದುಂಟು. ಗಂಡು ಹೆಸರುಗಳ ಕಥೆ ಇನ್ನೂ ತೊಡಕು. ಒಂದೇ ಮನೆಯ ಅಣ್ಣತಮ್ಮಂದಿರು ಯೊಹಾನ್ ಗೇಯೊರ್ಗ್, ಯೊಹಾನ್ ಯಾಕೋಬ್, ಯೊಹಾನ್ ಫ್ರೀಡ್ರಿಖ್ ಆಗಿರುತ್ತಾರೆ. ಕರೆಯುವುದು ಎರಡನೆಯ ಹೆಸರಿನಿಂದ. ಮೊದಲನೆಯದು ದೀಕ್ಷಾಸ್ನಾನದ ಹೆಸರು. ಬರಿಯ ‘ಯೊಹಾನ್ನೆಸ್’ ಎಂದಿದ್ದರೆ ಅವನು ಬೇರೆಯೇ ಒಬ್ಬ. ಸತ್ತ ಮಗುವಿನ ಹೆಸರನ್ನು ಮುಂದೆ ಹುಟ್ಟಿದ ಮಗುವಿಗೇ ಇಡುತ್ತಿದ್ದರು.

ಈ ಕೊನೆಯ ರೂಢಿ ನನ್ನನ್ನು ಬೀಳಿಸಿತು. ಅಜ್ಜಿಯ ಮೂಲಪುರುಷನೆಂದು ನಂಬಿ ಒಂದು ಹಳ್ಳಿಯ ಪುಸ್ತಕದಲ್ಲಿ ಒಬ್ಬ ಹುಡುಗನ ದೀಕ್ಷಾಸ್ನಾನ ಹಿಡಿದೆ. ಹೆಸರು ಸರಿ, ವಯಸ್ಸು ಸರಿ. ಅಜ್ಜಿಗೆ ಹೇಳಿಯೂಬಿಟ್ಟೆ, ಅವರು ಕಣ್ಣೊರೆಸಿಕೊಂಡರು. ಹತ್ತು ದಿನದ ಮೇಲೆ ಅದೇ ಪುಸ್ತಕದಲ್ಲಿ ಮಣ್ಣಾದವರ ಪುಟಗಳನ್ನು ತಿರುವಿದಾಗ ಆ ಹುಡುಗ ಎರಡು ವರ್ಷ ತುಂಬುವ ಮುಂಚೆ ತೀರಿಹೋದದ್ದು ಕಂಡಿತು. ಅವರ ಮನೆಗೆ ಹೋಗಿ ಅದನ್ನು ಹೇಳಿದ ಬೆಳಗ್ಗೆ ನನಗೆ ಮರೆಯುವುದಿಲ್ಲ. ಹುಟ್ಟಿದ ಪುಟ ಸಿಕ್ಕಿದ ಮೇಲೆ ಸಾವಿನ ಪುಟ, ಮದುವೆಯ ಪುಟ ಎರಡನ್ನೂ ನೋಡದೆ ಬಾಯಿ ತೆರೆಯಬಾರದು.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ಕಾನ್ರಾಡ್ ವೈಸರ್ 1720ರ ನವೆಂಬರ್ 22ರಂದು ನ್ಯೂಯಾರ್ಕಿನ ಸ್ಕೊಹಾರಿ ಕಣಿವೆಯಲ್ಲಿ, ತಂದೆಯ ಮನೆಯಲ್ಲಿ, ಹೇಗರ್ ಎಂಬ ರಿಫಾರ್ಮ್ಡ್ ಪಂಥದ ಪಾದ್ರಿಯ ಕೈಯಿಂದ ಮದುವೆಯಾದ. ವಧುವನ್ನು ಅವನು ‘ನನ್ನ ಆನ್ನಾ ಈವ್’ ಎಂದು ಬರೆದ. ಮನೆತನದ ಹೆಸರು ಬರೆಯಲಿಲ್ಲ. ಅವನಿಗೆ ಅದರ ಅಗತ್ಯ ಕಾಣಲಿಲ್ಲ. ಮಕ್ಕಳಿಗೆ ತಾಯಿ ಯಾರೆಂದು ಗೊತ್ತಿತ್ತು. ಹೆಸರು ಬಿಟ್ಟ ಆ ಜಾಗದಲ್ಲಿ ಮುಂದೆ ಕಥೆ ಬೆಳೆಯಿತು. ವೈಸರ್ ಹದಿನಾರರ ಹುಡುಗನಾಗಿದ್ದಾಗ ಒಂದು ಚಳಿಗಾಲ ಮೋಹಾಕರ ಮನೆಯಲ್ಲಿದ್ದು ಅವರ ನುಡಿ ಕಲಿತವನು. ಹಾಗಾದರೆ ಅವನ ಹೆಂಡತಿ ಮೋಹಾಕರ ಹುಡುಗಿಯೇ ಇರಬೇಕು ಎಂದು ಜನ ಹೇಳತೊಡಗಿದರು. ಕೇಳಲು ಚೆಂದವಾದ ಕಥೆ, ಆದ್ದರಿಂದ ಬಹಳ ಕಾಲ ಬಾಳಿತು.

ಆದರೆ ವೈಸರ್ ಮಕ್ಕಳ ಹುಟ್ಟನ್ನು ಬರೆಯುವಾಗ ಇನ್ನೊಂದನ್ನೂ ಬರೆದ. ದೀಕ್ಷಾಸ್ನಾನದ ಹೊತ್ತಿಗೆ ಮಗುವಿನ ಹೊಣೆ ಹೊತ್ತು ನಿಂತ ಧರ್ಮದ ತಂದೆತಾಯಿ ಯಾರು ಎಂಬುದನ್ನು. 1722ರಲ್ಲಿ ಹುಟ್ಟಿದ ಫಿಲಿಪ್‌ಗೆ ಫಿಲಿಪ್ ಬ್ರೌನ್ ಮತ್ತು ಅವನ ಹೆಂಡತಿ. ಮಗುವಿನ ಹೆಸರು ಎಲ್ಲಿಂದ ಬಂತೆಂದು ಹೇಳಬೇಕಿಲ್ಲ. 1725ರಲ್ಲಿ ಹುಟ್ಟಿದ ಆನ್ನಾ ಮಗ್ದಲೇನಾಗೆ ನಿಂತವರಲ್ಲಿ ವೈಸರ್‌ನ ತಂಗಿ ಬಾರ್ಬರಾ ಒಬ್ಬಳು. ಆ ಮಗುವಿಗೆ ಗ್ರೋಸ್‌ಆಸ್ಪಾಖ್‌ನಲ್ಲಿ ಮಣ್ಣಾದ ಅಜ್ಜಿಯ ಹೆಸರು. 1727ರಲ್ಲಿ ಹುಟ್ಟಿದ ಮರಿಯಾಗೆ ನಿಂತವರು ನಿಕ್ಲಾಸ್ ಫೇಗ್ ದಂಪತಿ. 1728ರ ಕೊನೆಯಲ್ಲಿ ಹುಟ್ಟಿದ ಫ್ರೀಡ್ರಿಖ್‌ಗೂ ನಿಂತವರು ಅದೇ ನಿಕ್ಲಾಸ್ ಫೇಗ್ ದಂಪತಿ.

ಇಬ್ಬರು ಮಕ್ಕಳಿಗೆ ಒಂದೇ ದಂಪತಿ. ಧರ್ಮದ ತಂದೆತಾಯಿಯಾಗಲು ದಾರಿಹೋಕರನ್ನು ಯಾರೂ ಕರೆಯುವುದಿಲ್ಲ. ತಂದೆತಾಯಿ ಸತ್ತರೆ ಮಗುವನ್ನು ಸಾಕುವ ಹೊಣೆ ಅದು, ಹಾಗಾಗಿ ಒಡಹುಟ್ಟಿದವರನ್ನೋ ಹತ್ತಿರದ ನೆಂಟರನ್ನೋ ನಿಲ್ಲಿಸುತ್ತಾರೆ. ತನ್ನ ತಂಗಿಯನ್ನು ವೈಸರ್ ತಂಗಿ ಎಂದೇ ಬರೆದ. ಫೇಗ್ ಯಾರೆಂದು ಬರೆಯಲಿಲ್ಲ. ಫೇಗ್ ಮನೆತನ ಎಲ್ಲಿದೆ ಎಂದು ಹುಡುಕಿದರೆ ಅವರೂ 1709ರ ಗುಂಪಿನಲ್ಲಿ ಬಂದ ಜರ್ಮನರೇ. ಆನ್ನಾ ಈವ್ ಆ ಮನೆಯ ಮಗಳು. ಗಂಡ ಬರೆಯದ ಹೆಸರನ್ನು ಮಕ್ಕಳ ಬಳಿ ನಿಂತವರು ಹೇಳಿಬಿಟ್ಟರು.

ಆ ಮರಿಯಾ 1745ರಲ್ಲಿ ಹೆನ್ರಿ ಮೆಲ್ಕಿಯೊರ್ ಮ್ಯೂಲೆನ್‌ಬೆರ್ಗ್ ಎಂಬ ಲೂಥೆರನ್ ಪಾದ್ರಿಯನ್ನು ಮದುವೆಯಾದಳು. ಅವರ ಮಗ ಫ್ರೆಡರಿಕ್ 1789ರಲ್ಲಿ ಅಮೆರಿಕದ ಪ್ರತಿನಿಧಿ ಸಭೆಯ ಮೊದಲ ಸ್ಪೀಕರ್. ಮ್ಯೂಲೆನ್‌ಬೆರ್ಗನನ್ನು ಕಳಿಸಿದ ಹಾಲೆ ನಗರದ ಸಂಸ್ಥೆಗೆ ಅವನನ್ನು ಮೊದಲು ಭಾರತಕ್ಕೆ ಕಳಿಸುವ ಆಲೋಚನೆಯಿತ್ತು. ತರಂಗಂಬಾಡಿಗೆ ಪಾದ್ರಿಗಳನ್ನು ಕಳಿಸುತ್ತಿದ್ದ ಮನೆಯೇ ಅದು. ಹಾಲೆಯಲ್ಲಿದ್ದಂಥದೇ ಭಕ್ತಿಪಂಥ ಬೇರೂರಿದ್ದ ವ್ಯೂರ್ಟೆಂಬೆರ್ಗಿನಿಂದ, ನೂರು ವರ್ಷದ ಮೇಲೆ, ಬಾಸೆಲ್ ಮಿಶನ್ ಮೂಲಕ ಮಂಗಳೂರಿಗೆ ಬಂದವನು ಬ್ರಾಕೆನ್‌ಹೈಮಿನ ಹೆರ್ಮನ್ ಮೋಗ್ಲಿಂಗ್. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದವನು.

ನ್ಯೂಯಾರ್ಕಿನ ಗುಂಪಿಗಿಂತ ಬಹಳ ದೊಡ್ಡದು ಫಿಲಡೆಲ್ಫಿಯಾ ರೇವಿನಲ್ಲಿ ಇಳಿದವರದು. ಜರ್ಮನರು ಹೀಗೆ ತುಂಬಿದರೆ ಗತಿಯೇನು ಎಂದು ಪೆನ್ಸಿಲ್ವೇನಿಯಾ ಸರ್ಕಾರಕ್ಕೆ ಅಂಜಿಕೆ ಹುಟ್ಟಿತು. ಹೊಸಬರೆಲ್ಲ ಬ್ರಿಟಿಷ್ ದೊರೆಗೆ ನಿಷ್ಠೆಯ ಪ್ರಮಾಣ ಮಾಡಿ ರುಜು ಹಾಕಬೇಕೆಂದು 1727ರಲ್ಲಿ ಕಟ್ಟಳೆ ಮಾಡಿದರು. ಆ ವರ್ಷದ ಸೆಪ್ಟೆಂಬರ್ 21ರಂದು ‘ವಿಲಿಯಂ ಅಂಡ್ ಸಾರಾ’ ಹಡಗಿನವರಿಂದ ಈ ದಾಖಲೆ ಶುರು. ಮುಂದೆ ಒಂದು ಹಡಗಿಗೆ ಮೂರು ಪಟ್ಟಿಗಳಾದವು: ಹಡಗಿನ ಕಪ್ತಾನ ಕೊಟ್ಟದ್ದು, ಮತ್ತು ಎರಡು ಪ್ರಮಾಣಗಳ ಕೆಳಗಿನ ರುಜುಗಳು. ಹದಿನಾರು ದಾಟಿದ ಗಂಡಸರಿಗೆ ಮಾತ್ರ ಪ್ರಮಾಣ. ರಾಜನ ವಿರುದ್ಧ ಹೆಂಗಸರು ಮಕ್ಕಳು ಏಳುವುದಿಲ್ಲ ಎಂದುಕೊಂಡರೋ ಏನೋ, ಅವರ ಹೆಸರು ಕೇಳಲೇ ಇಲ್ಲ. ಅರ್ಧಕ್ಕಿಂತ ಹೆಚ್ಚು ಜನ ಹೀಗೆ ಕಾಗದದಿಂದ ಜಾರಿಹೋದರು.

ಈ ಪಟ್ಟಿಗಳನ್ನು ಸ್ಟ್ರಾಸ್‌ಬರ್ಗರ್ ಮತ್ತು ಹಿಂಕೆ 1934ರಲ್ಲಿ ಮೂರು ಸಂಪುಟಗಳಾಗಿ ಅಚ್ಚು ಹಾಕಿಸಿದರು. ಎರಡನೆಯ ಸಂಪುಟದ ತುಂಬ ರುಜುಗಳ ಪಡಿಯಚ್ಚು. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಅದಕ್ಕಿಂತ ಮನ ಕಲಕುವ ಪುಸ್ತಕವಿಲ್ಲ. ಇಂಗ್ಲಿಷ್ ಗುಮಾಸ್ತ ತನ್ನ ಕಿವಿಗೆ ಬಿದ್ದಂತೆ ಬರೆದ ಹೆಸರು ಒಂದು ಕಡೆ. ರೈನ್ ದಂಡೆಯವರ ಬಾಯಲ್ಲಿ ಬ, ಪ, ದ, ತ, ಗ, ಕ ಒಂದರ ಜಾಗಕ್ಕೊಂದು ಬರುತ್ತವೆ. ಗುಮಾಸ್ತ ‘ಪ’ ಕೇಳಿದ ಕಡೆ ಮನೆತನದ ಹೆಸರು ‘ಬ’ದಿಂದ ಶುರುವಾಗಿರಬಹುದು. ಇನ್ನೊಂದು ಕಡೆ, ತಿಂಗಳುಗಟ್ಟಲೆ ಕಡಲಲ್ಲಿ ಬಳಲಿದ ಮನುಷ್ಯ ತನ್ನ ಹಳ್ಳಿಯ ಶಾಲೆಯಲ್ಲಿ ಕಲಿತ ಅಕ್ಷರದಲ್ಲಿ ತಾನೇ ಬರೆದ ಹೆಸರು. ಬರೆಯಲು ಬಾರದವರದು ಒಂದು ಗುರುತು. ಅದೇ ಕೈ ಇಪ್ಪತ್ತು ವರ್ಷದ ಮೇಲೆ ಮರಣಶಾಸನಕ್ಕೆ ಹಾಕಿದ ರುಜುವಿನ ಜೊತೆ ಇದನ್ನು ಇಟ್ಟು ನೋಡಿದರೆ ಮನುಷ್ಯ ಅವನೇ ಹೌದೋ ಅಲ್ಲವೋ ಗೊತ್ತಾಗುತ್ತದೆ. ಹೂಬರ್ ಹೂವರ್ ಆದ, ಐಸೆನ್‌ಹೌವರ್ ಐಸೆನ್‌ಹೋವರ್ ಆದ. ಎರಡೂ ಮನೆತನ ಅಮೆರಿಕಕ್ಕೆ ಅಧ್ಯಕ್ಷರನ್ನು ಕೊಟ್ಟವು. ತ್ಸಿಮ್ಮರ್‌ಮನ್ ಎಂದರೆ ಬಡಗಿ, ಅವನು ಕಾರ್ಪೆಂಟರ್ ಆದ. ಇಂಥ ಅನುವಾದವಾದ ಹೆಸರು ಹಿಡಿದು ಹೊರಟರೆ ಇಂಗ್ಲೆಂಡಿಗೆ ಹೋಗಿ ಸೇರುತ್ತೀರಿ.

ಆ ರುಜುಗಳ ಸಾಲನ್ನು ನೋಡಿ. ಪ್ರಮಾಣಕ್ಕೆ ಸಾಲಾಗಿ ನಿಲ್ಲುವಾಗ ಒಂದೇ ಊರಿನವರು, ಬೀಗರು, ಅಣ್ಣತಮ್ಮಂದಿರು ಒತ್ತಿಕೊಂಡು ನಿಂತರು. ‘ಹಾನ್ಸ್ ಮ್ಯುಲ್ಲರ್’ ಎಂಬುವನು ಜರ್ಮನಿಯಲ್ಲಿ ಊರಿಗೊಬ್ಬ. ಅವನನ್ನು ಹುಡುಕಿ ಫಲವಿಲ್ಲ. ಅವನ ಮೇಲಿನ, ಕೆಳಗಿನ ರುಜುಗಳಲ್ಲಿ ಒಂದು ಅಪರೂಪದ ಹೆಸರಿದ್ದರೆ ಅದನ್ನು ಹಿಡಿಯಬೇಕು. ಆ ಹೆಸರು ಸಿಕ್ಕುವ ಹಳ್ಳಿಯ ಚರ್ಚಿನ ಪುಸ್ತಕದಲ್ಲಿ ನಿಮ್ಮ ಮ್ಯುಲ್ಲರ್ ಕೂಡ ಕೂತಿರುತ್ತಾನೆ. ಆನೆಟ್ ಬರ್ಗರ್ಟ್ 1983ರಲ್ಲಿ ಕ್ರೈಖ್‌ಗೌ ಸೀಮೆಯ ವಲಸಿಗರ ಬಗ್ಗೆ ಪುಸ್ತಕ ತಂದರು. ಸಿನಿಮಾ ನಟರಾಗಿದ್ದ ಹ್ಯಾಂಕ್ ಜೋನ್ಸ್ 1985ರಲ್ಲಿ ಹಂಟರನ ಪಡಿಪಟ್ಟಿಯ 847 ಕುಟುಂಬಗಳ ಬಗ್ಗೆ ಎರಡು ಸಂಪುಟ ತಂದರು. ಒಬ್ಬನನ್ನು ಹುಡುಕದೆ ಇಡೀ ಗುಂಪನ್ನೇ ಹುಡುಕಿದ್ದರಿಂದ ಆ ಕೆಲಸ ಸಾಧ್ಯವಾಯಿತು.

ಹಳ್ಳಿ ಸಿಕ್ಕಿದ ಮೇಲೆ ಬಾಗಿಲು ಒಂದೊಂದೇ ತೆರೆಯುತ್ತವೆ. ವಲಸೆ ಹೋದವರಲ್ಲಿ ಅನೇಕರು ದೊರೆಯ ಆಳುಗಳು. ಬಿಡುಗಡೆಯ ಹಣ ಕಟ್ಟದೆ, ಒಯ್ಯುವ ಆಸ್ತಿಯಲ್ಲಿ ಹತ್ತನೆಯ ಪಾಲು ಒಪ್ಪಿಸದೆ ಊರು ಬಿಡುವಂತಿರಲಿಲ್ಲ. ಆ ರಸೀದಿಗಳು ಕಾರ್ಲ್ಸ್‌ರೂಹೆ, ಸ್ಟುಟ್‌ಗಾರ್ಟ್ ದಫ್ತರಖಾನೆಗಳಲ್ಲಿವೆ. ಕೆಲವು ಪಾದ್ರಿಗಳು ಹುಟ್ಟಿನ ದಾಖಲೆಯ ಅಂಚಿನಲ್ಲಿ ‘ಪೆನ್ಸಿಲ್ವೇನಿಯಾಕ್ಕೆ ಹೋದ’ ಎಂಬರ್ಥದ ಎರಡು ಮಾತು ಗೀಚಿಟ್ಟರು. 1739ರಿಂದ ಜರ್ಮನ್‌ಟೌನ್‌ನಲ್ಲಿ ಕ್ರಿಸ್ಟೊಫ್ ಸೌವರ್ ಹೊರಡಿಸಿದ ಜರ್ಮನ್ ಪತ್ರಿಕೆಯಲ್ಲಿ, ಅಣ್ಣನನ್ನು ಹುಡುಕುವ ತಮ್ಮ, ತಂಗಿಯನ್ನು ಹುಡುಕುವ ಅಕ್ಕ ತಮ್ಮ ಊರಿನ ಹೆಸರು ಸಹಿತ ಜಾಹೀರಾತು ಹಾಕಿಸಿದರು. ತಾರೀಖುಗಳ ವಿಷಯದಲ್ಲಿ ಎಚ್ಚರ: ಪ್ರಾಟೆಸ್ಟೆಂಟ್ ಜರ್ಮನಿ ಹೊಸ ಪಂಚಾಂಗಕ್ಕೆ ಬಂದದ್ದು 1700ರಲ್ಲಿ, ಬ್ರಿಟನ್ ಮತ್ತು ಅದರ ವಸಾಹತುಗಳು 1752ರಲ್ಲಿ.

ಅಜ್ಜಿಯ ಊರು ಸಿಕ್ಕಿತು. ಟೌಫ್‌ಶೈನ್‌ನಲ್ಲಿ ಧರ್ಮದ ತಾಯಿಯೆಂದು ಬರೆದಿದ್ದ ಹೆಂಗಸಿನ ಅಪರೂಪದ ಮನೆತನದ ಹೆಸರೇ ದಾರಿ ತೋರಿಸಿತು. ಅಷ್ಟು ವರ್ಷ ಗೋಡೆಯ ಮೇಲೆ ಕಟ್ಟಿನೊಳಗೇ ಇದ್ದ ಹೆಸರು ಅದು.

ಕೊನೆಯದಾಗಿ, ಯಾವ ಸಾಲಿನಲ್ಲೂ ನಿಲ್ಲದ ಮಕ್ಕಳ ಬಗ್ಗೆ. ನ್ಯೂಯಾರ್ಕ್ ತಲುಪಿದ ವರ್ಷವೇ ಹಂಟರ್ ಅನಾಥ ಮಕ್ಕಳನ್ನೂ, ತಂದೆಯೋ ತಾಯಿಯೋ ಬದುಕಿದ್ದ ಮಕ್ಕಳನ್ನೂ ಕರಾರು ಬರೆಸಿ ಪರರ ಮನೆಗಳಿಗೆ ಒಪ್ಪಿಸಿದ. ವಿಧವೆ ಯೊಹಾನ್ನಾಳ ಹದಿಮೂರು ವರ್ಷದ ಮಗ ಪೀಟರ್ ಜೆಂಗರ್ ಹೀಗೆ ಮುದ್ರಕ ವಿಲಿಯಂ ಬ್ರಾಡ್‌ಫರ್ಡನ ಪಾಲಿಗೆ ಹೋದ. 1735ರಲ್ಲಿ ನಡೆದ ಮೊಕದ್ದಮೆಯಲ್ಲಿ ಬಿಡುಗಡೆಯಾಗಿ, ಪತ್ರಿಕಾ ಸ್ವಾತಂತ್ರ್ಯದ ಚರಿತ್ರೆಯಲ್ಲಿ ಹೆಸರಾದವನು ಅವನೇ. ವೈಸರ್‌ನ ತಮ್ಮಂದಿರಾದ ಗೇಯೊರ್ಗ್ ಫ್ರೀಡ್ರಿಖ್, ಕ್ರಿಸ್ಟೊಫ್ ಫ್ರೀಡ್ರಿಖ್ ಇಬ್ಬರನ್ನೂ ಲಾಂಗ್ ಐಲ್ಯಾಂಡಿಗೆ ಕಳಿಸಿದರು; ಆಗ ತಂದೆ ಕಾಯಿಲೆ ಬಿದ್ದಿದ್ದ, ಒಪ್ಪಿಗೆ ಕೊಟ್ಟ. ಈ ಕರಾರುಗಳಿಂದ ಆ ಮಕ್ಕಳ ಹೆಸರಾದರೂ ಉಳಿಯಿತು.

ವೈಸರ್‌ನ ತಮ್ಮಂದಿರಲ್ಲಿ ಎಲ್ಲರಿಗಿಂತ ಕಿರಿಯವನು ಯೊಹಾನ್ ಫ್ರೀಡ್ರಿಖ್. ಪಡಿಯ ಲೆಕ್ಕದಲ್ಲಿ ಅವನು ‘ಹತ್ತರ ಕೆಳಗಿನವರು’ ಎಂಬ ಅಂಕಿಯೊಳಗೆ ಒಂದು ಮಾತ್ರ. 1710ರ ಡಿಸೆಂಬರಿನಲ್ಲಿ, ಲಿವಿಂಗ್‌ಸ್ಟನ್ ಎಂಬ ಜಮೀನುದಾರನ ಕಾಡಿನ ನಡುವೆ ಗುಡಿಸಲು ಕಟ್ಟಿಕೊಂಡಿದ್ದಾಗ, ಸುಮಾರು ಆರು ವರ್ಷದ ಆ ಹುಡುಗ ತೀರಿಕೊಂಡ. ಮುಂದೆ ರಿಫಾರ್ಮ್ಡ್ ಚರ್ಚು ಎದ್ದ ಆ ಜಾಗದಲ್ಲಿ ಮೊದಲು ಮಣ್ಣಾದವನು ತನ್ನ ತಮ್ಮನೇ ಎಂದು ಕಾನ್ರಾಡ್ ವೈಸರ್ ಬರೆದಿಟ್ಟಿದ್ದಾನೆ.